ಮೂರು ವಾರಕ್ಕೊಂದು ಮೌನ

"ಎಲ್ಲಾರೂ ಇಲ್ಲಿ ನೋಡ್ರಪ್ಪೋ! ನಮ್ಮ ಮಾಲತೇಶ ಹೊರಗಾಗಿದ್ದ. ನಾಕು ದಿನ ಮೂಲ್ಯಾಗೆ ಕೂತು ಇವತ್ತು ತಲೆಗೆ ನೀರು ಹಾಕ್ಕಂಡು ಬಂದಾನೆ. ಮೂರು ವಾರ ಆತು ಅಂದ್ರೆ ಸಾಕು, ಹುಡುಗ ಮುಟ್ಟಾಗ್ತಾನೆ!"

ಹೀಗೆ ಅಂದವನು ಶಿವಯೋಗಪ್ಪ, ನಾನು ದುಡಿಯುವ ಬೆಣ್ಣೆ ದೋಸೆ ಹೋಟೆಲಿನ ಸಾಹುಕಾರ. ಅಂದದ್ದು ಬೆಳಿಗ್ಗೆ ಎಂಟೂವರೆಗೆ, ಗಲ್ಲಾದ ಮುಂದೆ ಕೂತು, ಎಂಟೂ ಟೇಬಲ್ಲು ತುಂಬಿ ಇನ್ನಷ್ಟು ಜನ ಗೋಡೆಗೆ ಒರಗಿ ಕಾಯುತ್ತಿದ್ದಾಗ. ದಾವಣಗೆರೆಯ ದೋಸೆ ಹೋಟೆಲಿನಲ್ಲಿ ಆ ಹೊತ್ತಿಗೆ ಆಡಿದ ಮಾತು ಹತ್ತು ಗಂಟೆಯೊಳಗೆ ದೇವರಾಜ ಅರಸು ಬಡಾವಣೆ ದಾಟಿರುತ್ತದೆ.

ಜನ ನಕ್ಕರು. ಒಬ್ಬನ ಬಾಯಿಂದ ಪಲ್ಯ ಹಾರಿ ಎದುರಿನವನ ತಟ್ಟೆಗೆ ಬಿತ್ತು. ಆ ಎದುರಿನವನೂ ನಕ್ಕ. ಮೂಲೆಯಲ್ಲಿ ಕೂತು ದಿನಾ ಖಾಲಿ ದೋಸೆ ತಿನ್ನುವ ರಿಟೈರ್ಡ್ ಮೇಷ್ಟ್ರು ಏಕಾಂತಪ್ಪನವರು ಮಾತ್ರ ನಗಲಿಲ್ಲ. ಅದು ಮರ್ಯಾದೆಯಿಂದ ಅಲ್ಲ, ಅವರಿಗೆ ಕಿವಿ ಮಂದ.

"ಜ್ವರ ಇತ್ರಿ ಸಾವ್ಕಾರ್ರೆ," ಅಂದೆ. "ಬಾಯಿ ತುಂಬ ಹುಣ್ಣು."

"ಎಲ್ಲಿ, ತೆಗಿ ನೋಡಾಣ."

ತೆಗೆದೆ. ಎಂಟು ಟೇಬಲ್ಲಿನ ಮುಂದೆ, ಸಂತೆಯಲ್ಲಿ ಎತ್ತು ಹಲ್ಲು ತೋರಿಸಿದ ಹಾಗೆ ಬಾಯಿ ತೆಗೆದು ನಿಂತೆ. ಶಿವಯೋಗಪ್ಪ ಮೊಬೈಲಿನ ಟಾರ್ಚ್ ಹಾಕಿ ಇಣುಕಿದ. ಅವತ್ತು ಗುರುವಾರ. ಭಾನುವಾರ ಬಂದ ಹುಣ್ಣು ಗುರುವಾರಕ್ಕೆ ಗುರುತೂ ಉಳಿಯದ ಹಾಗೆ ಮಾಯವಾಗುವುದು ನನ್ನ ಹಣೆಬರಹ.

"ಎಳೇ ಕೂಸಿನ ಬಾಯಿ ಇದ್ದಂಗೈತೆ!" ಅಂದ ಅವನು. ಮತ್ತೆ ನಗು.

ಆಮೇಲೆ ಗೋಡೆಯ ಕ್ಯಾಲೆಂಡರ್ ಮೊಳೆಯಿಂದ ಬಿಡಿಸಿ ಎತ್ತಿ ಹಿಡಿದ. ನಾನು ಬಾರದ ದಿನಗಳ ಮೇಲೆಲ್ಲ ಕೆಂಪು ಪೆನ್ಸಿಲ್ಲಿನ ಗೀಟು. ಎಲ್ಲವೂ ಭಾನುವಾರದಿಂದ ಶುರು. "ವಾರದಾಗೆ ಗಿರಾಕಿ ಜಾಸ್ತಿ ಯಾವತ್ತು? ಭಾನುವಾರ. ಇವನು ಮಲಗೋದು ಯಾವತ್ತು? ಭಾನುವಾರ. ಲೇ, ಅಂಥಾ ತಾಯಿ ಹೊಟ್ಯಾಗೆ ನೀನು ಹೆಂಗೆ ಹುಟ್ಟಿದ್ಯೋ? ಆಯಮ್ಮ ಮೌನ ವ್ರತ ಹಿಡ್ಕಂಡು ಊರಿಗೆಲ್ಲ ಒಳ್ಳೇದು ಮಾಡ್ತಾಳೆ, ನೀನು ಚಾದರ ಹೊದ್ಕಂಡು ನನ್ನ ಯಾಪಾರ ಹಾಳು ಮಾಡ್ತೀಯ."

ನನ್ನ ಕಣ್ಣು ಕಾವಲಿಯ ಕಡೆ ಹೋಯಿತು. ಮೂರು ವರ್ಷ ಆ ಕಾವಲಿಯ ಮುಂದೆ ನಿಂತವನು ನಾನು. ಕಟ್ಟಿಗೆಯ ಉರಿ ನೋಡಿಯೇ ಹಿಟ್ಟು ಯಾವಾಗ ಹುಯ್ಯಬೇಕು ಎಂದು ಹೇಳಬಲ್ಲೆ. ಈಗ ಅಲ್ಲಿ, ಇಷ್ಟು ದಿನ ತಟ್ಟೆ ತೊಳೆಯುತ್ತಿದ್ದ ಬಸವಕಿರಣ್ ನಿಂತಿದ್ದ. ಅವನು ಹುಯ್ದ ದೋಸೆ ಜಿಲ್ಲೆಯ ನಕ್ಷೆಯ ಹಾಗಿತ್ತು, ತಾಲ್ಲೂಕುಗಳೂ ಬೇರೆ ಬೇರೆಯಾಗಿ ಕಾಣುತ್ತಿದ್ದವು.

"ಕಾವಲಿ ಇನ್ಮ್ಯಾಲೆ ಬಸವಕಿರಣಂದು. ನೀನು ಈರುಳ್ಳಿ ಹೆಚ್ಚು," ಅಂದ ಶಿವಯೋಗಪ್ಪ. "ನಿನ್ನ ರೋಗಕ್ಕೆ ಒಂದು ಹೆಸರು ಅಂತಿದ್ರೆ ಡಾಕ್ಟರ ಹತ್ರ ಬರೆಸ್ಕಂಡು ಬಾ. ಇದೇ ಜನದ ಮುಂದೆ ಓದಿಸ್ತೀನಿ. ಖರೇ ಆದ್ರೆ ನಿನ್ನ ಕಾಲು ಮುಟ್ಟಿ ತಪ್ಪಾತು ಅಂತೀನಿ, ಕಾವಲಿ ವಾಪಸ್ ಕೊಡ್ತೀನಿ. ಮಾಲತೇಶ ಸ್ವಾಮಿ ಆಣೆ. ಹೆಸರಿಲ್ಲದ ರೋಗಕ್ಕೆ ನನ್ನ ಹೋಟೆಲಾಗೆ ಜಾಗ ಇಲ್ಲ."

ದೇವರ ಆಣೆ ಅಂದರೆ ಶಿವಯೋಗಪ್ಪ ತಪ್ಪುವವನಲ್ಲ. ಅವನ ಮೇಲೆ ಸಿಟ್ಟು ಬರುವುದು ಅದಕ್ಕೇ. ಪೂರ್ತಿ ಕೆಟ್ಟವನಾಗಿದ್ದರೆ ಎಂದೋ ಬಿಟ್ಟು ಹೋಗುತ್ತಿದ್ದೆ.

ಈ ರೋಗ ನನಗೆ ಹೊಸದಲ್ಲ. ನಡೆಯಲು ಕಲಿತಾಗಿನಿಂದ ಇದೆ. ಮೊದಲು ಮೈ ಬಿಸಿ, ಆಮೇಲೆ ಗಂಟಲಲ್ಲಿ ಗಡ್ಡೆ, ಆಮೇಲೆ ತುಟಿಯ ಒಳಗೆ, ನಾಲಿಗೆಯ ಅಡಿಗೆ ಅಲಸಂದೆ ಕಾಳಿನಷ್ಟು ಬಿಳಿ ಹುಣ್ಣು. ನೀರು ಕುಡಿದರೂ ಜೀವ ಹೋಗುತ್ತದೆ. ಎಂಟನೇ ಕ್ಲಾಸಿನಲ್ಲಿ ಪರೀಕ್ಷೆಯ ದಿನವೇ ಬಂತು. ಮುಂದಿನ ಪರೀಕ್ಷೆಗೂ ಬಂತು. "ಓದದಿದ್ದೋರಿಗೆಲ್ಲ ಪರೀಕ್ಷೆ ದಿನ ಜ್ವರ ಬರ್ತದೆ," ಎಂದು ಮೇಷ್ಟ್ರು ಅಂದರು. ನಾನು ಜಾಮಿಟ್ರಿ ಬಾಕ್ಸನ್ನು ಬಾವಿಗೆ ಎಸೆದು ಮನೆಗೆ ಬಂದೆ. ನನ್ನ ವಿದ್ಯಾಭ್ಯಾಸ ಇನ್ನೂ ಆ ಬಾವಿಯಲ್ಲೇ ಇದೆ.

ಔಷಧಿ ಹೇಳದವರಿಲ್ಲ. ಎಲ್ಲರ ಪ್ರಕಾರ ಅದು ಉಷ್ಣ. ಒಲೆಯ ಮುಂದೆ ನಿಂತರೆ ಉಷ್ಣ ಆಗದೆ ಏನಾಗುತ್ತದೆ? ನೆತ್ತಿಗೆ ಹರಳೆಣ್ಣೆ ಹಾಕು, ಮಜ್ಜಿಗೆ ಕುಡಿ, ಸಬ್ಬಕ್ಕಿ ಗಂಜಿ ಕುಡಿ. ಹರಳೆಣ್ಣೆ ಹಾಕಿಸಿಕೊಂಡು ಹಾಕಿಸಿಕೊಂಡು ನನ್ನ ದಿಂಬು ಬೋಂಡ ಕರಿಯಲು ಸಾಕಾಗುವಷ್ಟು ಎಣ್ಣೆ ಕುಡಿದಿದೆ. ಇನ್ನು ಕೆಲವರಿಗೆ ಗುಟ್ಕಾದ ಗುಮಾನಿ. ಮದುವೆ ಮನೆಯಲ್ಲೂ ನನ್ನ ತುಟಿ ಎಳೆದು ನೋಡಿದವರಿದ್ದಾರೆ.

ಅವತ್ತು ಹೋಟೆಲಿನಿಂದ ನೇರ ನಯೀಮನ ಲ್ಯಾಬಿಗೆ ನುಗ್ಗಿದೆ. ನಾಲ್ಕು ಅಂಗಡಿ ಆಚೆಗೆ ರಕ್ತ ಪರೀಕ್ಷೆ ಮಾಡುವವನು ಅವನು. ದಿನಾ ನನ್ನ ಕೈಯ ದೋಸೆ ತಿಂದವನು. ರಕ್ತ ತೆಗೆದ, ಮಷೀನಿಗೆ ಹಾಕಿದ, ಅರ್ಧ ಗಂಟೆಗೆ ಕಾಗದ ಕೊಟ್ಟ. "ನಿನ್ನ ರಕ್ತ ಮದುವೆ ಮನೆ ಇದ್ದಂಗೈತೆ ಭಾಯ್. ಎಲ್ಲಾರೂ ಹಾಜರ್. ನಾರ್ಮಲ್."

ಆ ವರ್ಷದ ಮೂರನೇ ನಾರ್ಮಲ್ ಅದು. ಟೇಬಲ್ಲಿಗೆ ಗುದ್ದಿದೆ, ಗಾಜಿನ ಕೊಳವೆಗಳೆಲ್ಲ ಎದ್ದು ಕೂತವು. "ನಾರ್ಮಲ್ ಅಂತ ಬರೆಯಾಕೆ ನಿಂಗೆ ಕೈ ಹೆಂಗೆ ಬರ್ತದಲೇ?"

"ಇರೋದು ಬರದೀನಿ. ಅದ್ಕೆ ಯಾಕ ಟೇಬಲ್ಲಿಗೆ ಗುದ್ದುತೀಯ?" ಅಂದ ನಯೀಮ್, ಕೊಳವೆಗಳನ್ನು ನೆಟ್ಟಗೆ ನಿಲ್ಲಿಸುತ್ತಾ. "ನೀನು ರಕ್ತ ಕೊಡಾಕೆ ಬರೋದು ಯಾವಾಗ? ಮೂರು ಸಲಾನೂ ಗುರುವಾರ. ಜ್ವರ ಬಿಟ್ಟು, ಹುಣ್ಣು ಆರಿ, ಎಣ್ಣೆ ಹಚ್ಚಿ ತಲೆ ಬಾಚ್ಕಂಡು ಬರ್ತೀಯ. ಒಲೆ ಆರಿಸಿ, ಕಾವಲಿ ತೊಳೆದಿಟ್ಟ ಮ್ಯಾಲೆ ನನ್ನ ಕರೆದು ದೋಸೆ ಸೀದೈತಾ ನೋಡು ಅಂದ್ರೆ ನಾ ಏನು ನೋಡ್ಲಿ? ಸೀಯೋ ಹೊತ್ತಿಗೆ ಬಾ."

ಅವನು ಅಂದದ್ದು ನಿಜ. ಜ್ವರ ಬಂದಾಗ ನಾನು ಹರಿಹರದ ಆಚೆ ಕಡರನಾಯಕನಹಳ್ಳಿಯ ಮನೆಯಲ್ಲಿ ಮಗುಚಿ ಬಿದ್ದಿರುತ್ತೇನೆ. ಎದ್ದು ಓಡಾಡುವ ಹಾಗಾದ ಮೇಲೇ ದಾವಣಗೆರೆ ಬಸ್ಸು ಹತ್ತುವುದು. ಇಪ್ಪತ್ತಮೂರು ವರ್ಷ ನನ್ನ ರಕ್ತ ಕಂಡವರೆಲ್ಲ ಅದರ ಒಳ್ಳೆಯ ದಿನಗಳನ್ನೇ ಕಂಡಿದ್ದರು.

ಮೂರನೇ ಭಾನುವಾರ ಹೇಳಿ ಕಳಿಸಿದ ಹಾಗೆ ಬಂತು. ಬಾಯಿಗೆ ಟವೆಲ್ ಸುತ್ತಿಕೊಂಡು, ನಡುಗುತ್ತಾ ಬಸ್ಸಿನಲ್ಲಿ ಹೋದೆ. ನಯೀಮ್ ನನಗಾಗಿ ರಜೆಯ ದಿನ ಬಾಗಿಲು ತೆರೆದಿದ್ದ. ಮಷೀನು ಕೊಟ್ಟ ನಂಬರು ನೋಡಿ ಮೊದಲು ಮಷೀನಿಗೆ ಬೈದ. ಇನ್ನೊಂದು ತೋಳಿನಿಂದ ಮತ್ತೆ ರಕ್ತ ತೆಗೆದ. ಅದಕ್ಕೂ ಅದೇ ನಂಬರು. ಆಗ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ನೀಲಿ ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತ. ಎಣಿಸಿದ. ಮೊದಲಿಂದ ಮತ್ತೊಮ್ಮೆ ಎಣಿಸಿದ.

"ಎರಡು," ಅಂದ.

"ಏನೆರಡು?" ಟವೆಲ್ಲಿನ ಒಳಗಿಂದ ಕೇಳಿದೆ.

"ಬಿಳಿ ಕಣದಾಗೆ ನ್ಯೂಟ್ರೊಫಿಲ್ ಅಂತ ಒಂದು ಜಾತಿ ಐತೆ. ಹೊರಗಿನ ಕ್ರಿಮಿ ಬಂದ್ರೆ ಮೊದ್ಲು ಓಡಿ ಬಡಿಯೋವೇ ಅವು. ನೂರರಾಗೆ ಐವತ್ತು, ಅರವತ್ತು ಇರಬೇಕು. ನಿಂದ್ರಾಗೆ ಎರಡು ಅದಾವು."

ಅವನು ತಮಾಷೆ ಮಾಡಲಿಲ್ಲ. ನನಗೆ ಹೆದರಿಕೆಯಾದದ್ದು ಅದರಿಂದ.

"ಕ್ಯಾನ್ಸರಾ?"

"ಅದು ನಾ ಹೇಳೋ ಮಾತಲ್ಲ. ಈ ಗಾಜು ತಗಂಡು ಹರಿಹರಕ್ಕೆ ಹೋಗು, ಅನ್ನಪೂರ್ಣಮ್ಮ ಡಾಕ್ಟ್ರ ಹತ್ರ. ಈಗಿಂದೀಗ ಹೋಗು. ಫೋನ್ ಮಾಡಿರ್ತೀನಿ."

ಬಸ್ಸಿನಲ್ಲಿ ಕೂತು, ಸಾಯುವ ಮೊದಲು ಯಾರ್ಯಾರಿಗೆ ಬೈಯುವುದು ಬಾಕಿಯಿದೆ ಎಂದು ಪಟ್ಟಿ ಮಾಡಿದೆ. ಹರಿಹರ ಬರುವಷ್ಟರಲ್ಲಿ ಹನ್ನೊಂದು ಹೆಸರಾಗಿದ್ದವು. ಶಿವಯೋಗಪ್ಪನದು ಎರಡು ಸಲ ಬಂದಿತ್ತು.

ಅನ್ನಪೂರ್ಣಮ್ಮ ಡಾಕ್ಟರಿಗೆ ಅರವತ್ತು ದಾಟಿದೆ. ಕೆಳಗೆ ನಾಲ್ಕು ಮಂಚದ ಆಸ್ಪತ್ರೆ, ಮೇಲೆ ಮನೆ. ನನ್ನನ್ನು ಕಂಡ ಕೂಡಲೇ ಏನೂ ಕೇಳದೆ ಮಂಚಕ್ಕೆ ಹಾಕಿ, ಕೈಗೆ ಸೂಜಿ ಚುಚ್ಚಿ, ಬಾಟಲಿ ಏರಿಸಿ ಔಷಧಿ ಬಿಟ್ಟರು. ಮಂಗಳವಾರ ಸಂಜೆ ಜ್ವರ ಇಳಿಯಿತು. ಆಗ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು.

"ಹೆದರಿದ್ಯಾ?"

"ನಾನ್ಯಾಕೆ ಹೆದರ್ಲಿ? ಯಾವತ್ತು ಸಾಯ್ತೀನಿ ಅಂತ ಹೇಳ್ರಿ ಸಾಕು. ಒಂದಿಬ್ಬರನ್ನ ನೋಡ್ಬೇಕಾಗೈತೆ."

"ಬಿಳಿ ಕಣ ಅಂದ್ರೆ ಸಾಕು, ಎಲ್ಲಾರಿಗೂ ಕ್ಯಾನ್ಸರೇ ನೆನಪಾಗ್ತದೆ," ಎಂದು ಅವರು ನಕ್ಕರು. "ಬಿಳಿ ಕಣದ ತಕರಾರು ಬೇಕಾದಷ್ಟು ಅದಾವಪ್ಪ, ಕ್ಯಾನ್ಸರ್ ಅಲ್ಲದ್ದೇ ಜಾಸ್ತಿ. ಸೋಂಕು ಬಂದ್ರೆ ಏರ್ತವೆ. ಜಂತುಹುಳಕ್ಕೆ, ಅಲರ್ಜಿಗೆ ಏರ್ತವೆ. ಯಾವುದೋ ಮಾತ್ರೆ ತಿಂದ್ರೆ ಇಳೀತವೆ. ನೀನು ತಂದ ಗಾಜು ನಾನೂ ನೋಡ್ದೆ. ಕೆಟ್ಟ ಕಣ ಒಂದೂ ಕಾಣಲಿಲ್ಲ. ಇರೋವೆಲ್ಲ ಒಳ್ಳೇವೇ. ಬರಬೇಕಾದೋವು ಬಂದಿಲ್ಲ, ಅಷ್ಟೆ. ಇದು ನಿಂಗೆ ಎಷ್ಟು ದಿನಕ್ಕೊಮ್ಮೆ ಬರ್ತದೆ?"

ನನಗೆ ರೇಗಿತು. "ನನಗೇನು ಗೊತ್ರಿ? ನಮ್ಮ ಸಾವ್ಕಾರನ್ನ ಕೇಳ್ರಿ. ಅವನ ಗ್ವಾಡೆ ಮ್ಯಾಲೆ ಕ್ಯಾಲೆಂಡರ್ ಐತೆ."

ರೇಗಿ ಅಂದ ಮಾತನ್ನು ಅವರು ನಿಜಕ್ಕೇ ಹಿಡಿದರು. ಬಸವಕಿರಣನಿಗೆ ಫೋನು ಮಾಡಿಸಿ, ಕ್ಯಾಲೆಂಡರಿನ ಒಂಬತ್ತು ತಿಂಗಳ ಫೋಟೊ ತರಿಸಿದರು. ಪೆನ್ನಿನ ತುದಿಯಲ್ಲಿ ಕೆಂಪು ಗೀಟುಗಳ ನಡುವಿನ ದಿನ ಎಣಿಸಿದರು. "ಇಪ್ಪತ್ತೊಂದು. ಇಪ್ಪತ್ತೊಂದು. ಇದೂ ಇಪ್ಪತ್ತೊಂದು." ಕನ್ನಡಕ ತೆಗೆದರು. "ಇದನ್ನ ಗುರುತು ಮಾಡಿದೋರು ಯಾರು?"

"ಅವನೇ. ನನಗೆ ಬೈಯಾಕೆ ಅಂತ."

"ಬೈಯಾಕೆ ಮಾಡಿದ್ರೂ ಅರ್ಧ ಡಾಕ್ಟರ್ ಕೆಲಸ ಮಾಡ್ಯಾನೆ ಪುಣ್ಯಾತ್ಮ."

ಎಂಟು ಟೇಬಲ್ಲಿನ ಮುಂದೆ ಅವಮಾನವಾದಾಗ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಈಗ ಬಂತು.

ಅವರು ನನಗೆ ತಿಳಿಯುವ ಹಾಗೆ ಹೇಳಿದರು. ಮೂಳೆಯ ಒಳಗೊಂದು ಅಡಿಗೆಮನೆ ಇದೆ. ರಕ್ತದ ಕಣಗಳೆಲ್ಲ ಬೇಯುವುದು ಅಲ್ಲಿ. ಎಲ್ಲರಿಗೂ ಆ ಒಲೆ ಹಗಲೂ ರಾತ್ರಿ ಉರಿಯುತ್ತದೆ. ನನ್ನಲ್ಲಿ ನ್ಯೂಟ್ರೊಫಿಲ್ ಬೇಯುವ ಒಲೆ ಮಾತ್ರ ಮೂರು ವಾರಕ್ಕೊಮ್ಮೆ ಆರುತ್ತದೆ. ನಾಲ್ಕಾರು ದಿನ ಊರು ಕಾಯುವವರಿಲ್ಲ. ಬಾಯಲ್ಲಿ ಸದಾ ಇರುವ ಕ್ರಿಮಿಗಳೇ ಹಬ್ಬ ಮಾಡುತ್ತವೆ. ಆಮೇಲೆ ಒಲೆ ತಾನೇ ಹತ್ತಿಕೊಳ್ಳುತ್ತದೆ. ಕ್ಯಾನ್ಸರ್ ಅಲ್ಲ. ಆದರೆ ಆಟವೂ ಅಲ್ಲ. ಒಲೆ ಆರಿದ ದಿನ ಜ್ವರ ಬಂದರೆ ಗಂಜಿ ಕುಡಿದು ಮಲಗುವುದಲ್ಲ, ಓಡಿ ಬರಬೇಕು. ಖಾತ್ರಿ ಮಾಡಲು ಆರು ವಾರ, ವಾರಕ್ಕೆ ಮೂರು ಸಲ ರಕ್ತ ಕೊಡಬೇಕು.

"ಖಾತ್ರಿ ಆದ್ರೆ ಹೆಸರು ಬರೆದು ಕೊಡ್ತೀರಾ?"

"ಹೆಸರೂ ಐತೆ. ಉದ್ದದ ಹೆಸರು."

"ಎಷ್ಟು ಉದ್ದ ಇದ್ರೆ ಅಷ್ಟು ಚಲೋ ರೀ."

"ಇದು ರಕ್ತಸಂಬಂಧದಾಗೆ ಬರೋದು, ಅಪ್ಪಂದೋ ಅವ್ವಂದೋ," ಅಂದರು. "ಮನ್ಯಾಗೆ ಯಾರಿಗೈತೆ?"

ಯಾರಿಗೂ ಇಲ್ಲ ಅಂದೆ. ಅಪ್ಪ ಕುಸ್ತಿ ಆಡುತ್ತಿದ್ದವನು. ನಾನು ಆರು ವರ್ಷದವನಿದ್ದಾಗ ಲಾರಿ ಡಿಕ್ಕಿ ಹೊಡೆದು ಹೋದ. ಒಂದು ದಿನ ಮೂಗು ಸೋರಿದವನಲ್ಲ. ಅವ್ವ ಓಬಕ್ಕ ಗಟ್ಟಿ ಹೆಂಗಸು, ಆಸ್ಪತ್ರೆಯ ಮೆಟ್ಟಿಲು ಕಂಡವಳಲ್ಲ.

ಅವರು ಕೇಳುತ್ತಲೇ ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದರು. "ಅಲ್ಲಲ್ಲಿ ಸೋಮವಾರದ ಮ್ಯಾಲೆ ಅರಿಶಿನದ ಬೊಟ್ಟು ಐತಲ್ಲ, ಇದು ಯಾರ ಗೈರುಹಾಜರಿ?"

"ಅದು ಗೈರುಹಾಜರಿ ಅಲ್ರಿ. ನಮ್ಮವ್ವನ ಮೌನದ ದಿನ. ಮಾಲತೇಶ ಸ್ವಾಮಿ ಹೆಸರಿನಾಗೆ ವ್ರತ. ನಾಕು ದಿನ ಮಾತಿಲ್ಲ, ಊಟ ಇಲ್ಲ, ಬರೀ ತಣ್ಣನೆ ಗಂಜಿ. ಆವತ್ತು ಕೇಳಿದ್ದು ನಡೀತದೆ ಅಂತ ಜನ ಬರ್ತಾರೆ. ಸಾವ್ಕಾರ ಮರೀಬಾರ್ದು ಅಂತ ಬೊಟ್ಟು ಇಟ್ಕಂತಾನೆ, ಕಾಯಿ ತಗಂಡು ಹೋಗಾಕೆ."

ಡಾಕ್ಟರು ಪೆನ್ನಿನ ತುದಿಯನ್ನು ಬೊಟ್ಟಿನಿಂದ ಬೊಟ್ಟಿಗೆ ನಡೆಸಿದರು. ತುಟಿ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

"ಇದೂ ಇಪ್ಪತ್ತೊಂದು," ಅಂದರು.

ನಾನು ಚಾವಣಿ ನೋಡುತ್ತಾ ಮಲಗಿದೆ. ತಣ್ಣನೆ ಗಂಜಿ. ನಾಲ್ಕು ದಿನ. ತುಟಿ ಬಿಗಿದು ಕೂತ ಮುಖ. ಕೆನ್ನೆಯ ಮೇಲೆ ಇಳಿಯುವ ನೀರನ್ನು ಜನ ಭಕ್ತಿ ಅಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ.

ಎರಡು ವಾರ ಕಳೆದು ಅವ್ವನ ಸೋಮವಾರ ಬಂತು. ಅವ್ವನದು ಮುಗಿದ ಮೇಲಿನ ಭಾನುವಾರಕ್ಕೆ ನನ್ನ ಸರದಿ. ಇಬ್ಬರೂ ಒಟ್ಟಿಗೆ ಬಿದ್ದದ್ದೇ ಇಲ್ಲ. ಈರುಳ್ಳಿಗೆ ರಜೆ ಹೇಳಿ ನಾನು ಮನೆಯಲ್ಲೇ ಉಳಿದೆ. ಬೆಳಿಗ್ಗೆಯೇ ಪಡಸಾಲೆ ತುಂಬಿತ್ತು. ಅವ್ವ ಕಂಬಳಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಒಬ್ಬೊಬ್ಬರೇ ಬಂದು ಕೇಳುವರು. ಹಣೆಗೆ ಭಂಡಾರ, ಅಂದರೆ ಅರಿಶಿನದ ಪುಡಿ, ಹಚ್ಚಿದರೆ ಆಗುತ್ತದೆ ಎಂದು ಅರ್ಥ. ಕೈ ಹಿಂದೆ ತೆಗೆದರೆ ಇಲ್ಲ.

ಒಂಬತ್ತು ಗಂಟೆಗೆ ಶಿವಯೋಗಪ್ಪ ಸ್ಕೂಟರಿನಲ್ಲಿ ಬಂದ. ಎರಡು ತೆಂಗಿನಕಾಯಿ. ಹೋಟೆಲಿನಲ್ಲಿ ಹುಲಿಯಾಗಿರುವವನು ಇಲ್ಲಿ ಮೊಣಕಾಲೂರಿ, ಎರಡೂ ಕೈ ಮುಗಿದು, ಹರಿಹರದಲ್ಲಿ ಇನ್ನೊಂದು ಹೋಟೆಲು ಇಡಲೋ ಬೇಡವೋ ಎಂದು ಕೇಳಿದ. ಅವ್ವ ಭಂಡಾರ ಹಚ್ಚಿದಳು. "ಇನ್ನೊಂದು ತಾಯಿ," ಅಂದ ಅವನು, ನನ್ನ ಕಡೆ ಕಣ್ಣು ಹಾಯಿಸಿ. "ನಿಮ್ಮ ಮಗಂಗೆ ಬುದ್ಧಿ ಬರ್ತದಾ?"

ಅವ್ವನ ಕೈ ಭಂಡಾರದ ತಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಂತು ಹಿಂದೆ ಬಂತು. ಪಡಸಾಲೆಯೆಲ್ಲ ಲೊಚಗುಟ್ಟಿತು.

ಜನ ಹೋದ ಮೇಲೆ ಬಾಗಿಲು ಹಾಕಿದೆ. "ಅವ್ವಾ, ಬಾಯಿ ತೆಗಿ."

ತಲೆ ಅಲ್ಲಾಡಿಸಿದಳು, ಇಲ್ಲ. ನಾನು ಎದುರು ಕೂತು, ನನ್ನ ಕೆಳತುಟಿ ಎಳೆದು, ಎಂದೂ ಗುರುತು ಉಳಿಸದ ಹುಣ್ಣು ಈ ಸಲ ಮಾತ್ರ ಬಿಟ್ಟುಹೋದ ಕಲೆ ತೋರಿಸಿದೆ. ಅವಳು ಅದನ್ನೇ ನೋಡಿದಳು. ಆಮೇಲೆ ನಿಧಾನಕ್ಕೆ ಬಾಯಿ ತೆರೆದಳು. ನಾಲಿಗೆಯ ಅಡಿ, ತುಟಿಯ ಒಳಗೆ, ನನಗೆ ಎಲ್ಲೆಲ್ಲಿ ಬರುತ್ತವೋ ಅಲ್ಲಲ್ಲೇ.

ಮೌನ ಮುಗಿದ ಸಂಜೆ ಅವಳೇ ಮಾತು ತೆಗೆದಳು. ರೊಟ್ಟಿ ತಟ್ಟುತ್ತಿದ್ದಳು, ನನ್ನ ಮುಖ ನೋಡಲಿಲ್ಲ.

"ಮದುವ್ಯಾಗಿ ಬಂದಾಗ ಹದಿ‌ನೇಳು ವರ್ಷ ನಂಗೆ. ಮೂರು ವಾರಕ್ಕೊಮ್ಮೆ ಉಣ್ಣಾಕೆ ಆಗ್ತಿರಲಿಲ್ಲ. ಈ ಮನೆ ಅನ್ನ ನಿಂಗೆ ರುಚಿಸಲ್ಲೇನೇ ಅಂತ ನಿಮ್ಮಜ್ಜಿ ಸೌಟು ತಗಂಡು ಹೊಡೀತಿದ್ಲು. ಕೆಲಸಗಳ್ಳಿ ಅಂತ ಹೆಸರಿಟ್ರು. ಒಂದಿನ ಮೈಲಾರಕ್ಕೆ ಹೊಂಟ ಗೊರವಯ್ಯ ಭಿಕ್ಷಕ್ಕೆ ಅಂತ ಬಾಗಿಲಿಗೆ ಬಂದ. ನಾ ಮಾತಾಡ್ಲಿಲ್ಲ, ಬಾಯಿ ತುಂಬ ಹುಣ್ಣು. ಅವನು ಅಂದ, ಈ ತಾಯಿ ಮೌನದಾಗೆ ಅದಾಳೆ, ಯಾರೂ ಮುಟ್ಟಬ್ಯಾಡ್ರಿ ಅಂತ. ನಿಮ್ಮಜ್ಜಿ ಸೌಟು ಕೆಳಗಿಟ್ಲು."

ರೊಟ್ಟಿ ತಿರುವಿ ಹಾಕಿದಳು.

"ಬಾಯಿ ನೋವು ಅಂದಾಗ ಯಾರೂ ನಂಬಲಿಲ್ಲ ಕಣಪ್ಪ. ದೇವ್ರು ಅಂದೆ, ಎಲ್ಲಾರೂ ನಂಬಿದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ? ನಂಗೂ ಒಂದು ವ್ರತ ಹಿಡಿಸಬೇಕಿತ್ತು!"

"ಹಿಡಿಸಿದ್ದೆ. ಒಂಬತ್ತು ವರ್ಷದವನಿದ್ದಾಗ ಕಂಬಳಿ ಹಾಸಿ ಕೂಡ್ರಿಸಿದ್ದೆ. ಕಾಯಿ ತಂದ ಮೊದಲನೇ ಹೆಂಗಸಿಗೇ, ಹುಣ್ಣು ಬಾಯಾಗೇ, ಏನು ನೋಡ್ತೀಯ ಗೂಬೆ ಅಂದಿ. ನಿನ್ನ ಬಾಯಿಗೆ ಯಾವ ದೇವ್ರು ಕೂಡ್ರುತಾನೆ?"

ನಗು ತಡೆಯಲಾಗಲಿಲ್ಲ, ಇಬ್ಬರಿಗೂ. ಅವ್ವ ಮೊದಲು ನಗು ನಿಲ್ಲಿಸಿದಳು.

"ಈಗ ವಯಸ್ಸಾತು. ಒಂದೊಂದು ಸಲ ಹುಣ್ಣು ಏಳೋದೇ ಇಲ್ಲ. ಆದ್ರೂ ಕೂಡ್ರುತೀನಿ. ಜನ ಬರ್ತಾರೆ, ಕೈ ಮುಗೀತಾರೆ. ಇದೊಂದು ಬಿಟ್ರೆ ನನ್ನ ಹತ್ರ ಏನೈತೆ? ಊರಿಗೆ ಹೇಳಬ್ಯಾಡಪ್ಪ."

"ನಾನ್ಯಾಕೆ ಹೇಳ್ಲಿ?" ಅಂದೆ. ಹೇಳುವುದು ಬಹಳ ಸುಲಭವಾಗಿತ್ತು.

ಆರು ವಾರ ನಯೀಮ್ ನನ್ನ ತೋಳುಗಳನ್ನು ಜರಡಿ ಮಾಡಿದ. ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಗೆರೆ ಎಳೆದು ತೋರಿಸಿದ: ಏರುತ್ತದೆ, ಇಳಿಯುತ್ತದೆ, ನೆಲಕ್ಕೆ ತಾಗುತ್ತದೆ, ಮತ್ತೆ ಏರುತ್ತದೆ. "ಹರಿಹರದ ಬಸ್ಸಿಗಿಂತ ಚಲೋ ಟೈಮಿಗೆ ಬರ್ತವೆ ಭಾಯ್ ನಿನ್ನ ಕಣ," ಅಂದ. ದಾವಣಗೆರೆಯ ದೊಡ್ಡಾಸ್ಪತ್ರೆಯೊಂದರಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ನೋಡಿದರು; ಅಲ್ಲಿಯ ರಕ್ತದ ಡಾಕ್ಟರೂ ಕ್ಯಾನ್ಸರ್ ಅಲ್ಲ ಎಂದರು. ಒಲೆ ಆರುವ ಹೊತ್ತಿಗೆ ಉರಿ ಎಬ್ಬಿಸುವ ಇಂಜೆಕ್ಷನ್ ಇದೆಯೆಂದೂ ಹೇಳಿದರು.

ನಡುವೆ ಅವ್ವನ ಮುಂದಿನ ಸೋಮವಾರ ನಯೀಮ್ ಸೂಜಿಯ ಡಬ್ಬಿಯನ್ನು ಬಾಳೆಹಣ್ಣಿನ ಚೀಲದಲ್ಲಿ ಮುಚ್ಚಿಟ್ಟುಕೊಂಡು ನಮ್ಮೂರಿಗೆ ಬಂದ. "ನೋಡ್ರಿ, ಸಾಬ್ರ ಹುಡುಗನೂ ಬಂದಾನೆ," ಎಂದು ಸಾಲಿನಲ್ಲಿದ್ದವರು ಅವನಿಗೆ ದಾರಿ ಬಿಟ್ಟರು. ಒಳಮನೆಯಲ್ಲಿ ರಕ್ತ ತೆಗೆದದ್ದೂ ಆಯಿತು, ರೂಢಿಯಂತೆ ಅವ್ವ ಅವನ ಹಣೆಗೆ ಭಂಡಾರ ಹಚ್ಚಿದ್ದೂ ಆಯಿತು. ಒರೆಸಿಕೊಳ್ಳುವುದನ್ನು ಮರೆತು ಮನೆಗೆ ಹೋದವನನ್ನು ಹೆಂಡತಿ ಫಿರ್ದೌಸ್, "ಹಲ್ದಿ ಶಾಸ್ತ್ರ ಯಾರ ಜೊತೆ ಆಯ್ತು?" ಎಂದು ಕೇಳಿದಳಂತೆ. ಅವ್ವನ ಲೆಕ್ಕ ನೂರಕ್ಕೆ ಆರು ಬಂತು. "ಜ್ವರ ಬಂದ್ರೆ ಮಾತ್ರ ನನ್ನ ಹತ್ರ ಕರ್ಕಂಡು ಬಾ," ಅಂದರು ಅನ್ನಪೂರ್ಣಮ್ಮ ಡಾಕ್ಟರು. "ಮೌನ ಅವರ ಇಷ್ಟ. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ."

ನನ್ನ ಕಾಗದ ಕೈಗೆ ಬಂದದ್ದು ಶನಿವಾರ. ಇಂಗ್ಲಿಷಿನಲ್ಲಿತ್ತು, ಸೀಲು ಇತ್ತು, ಹೆಸರು ಉದ್ದವಿತ್ತು. ಬಾವಿಯಲ್ಲಿ ಬಿದ್ದ ನನ್ನ ವಿದ್ಯೆಗೆ ಅದರಲ್ಲಿ ಓದಲು ಸಿಕ್ಕಿದ್ದು ನನ್ನ ಹೆಸರೊಂದೇ. ಅಷ್ಟೇ ಸಾಕಿತ್ತು. ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಂಟೂವರೆಗೆ ಸರಿಯಾಗಿ ಹೋಟೆಲಿನ ಮೆಟ್ಟಿಲು ಹತ್ತಿದೆ.

ಎಂಟೂ ಟೇಬಲ್ಲು ತುಂಬಿದ್ದವು. ಕಾಗದವನ್ನು ಗಲ್ಲಾದ ಮೇಲೆ ಇಟ್ಟೆ. "ಹೆಸರು ತಂದೀನಿ. ಓದಿಸ್ರಿ."

ಶಿವಯೋಗಪ್ಪ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಏಕಾಂತಪ್ಪ ಮೇಷ್ಟ್ರ ಕೈಗೆ ಕೊಟ್ಟ. ಕಿವಿ ಮಂದವಾದವರು ಗಟ್ಟಿಯಾಗಿ ಓದುತ್ತಾರೆ. ರಸ್ತೆಯ ಆಚೆ ನಿಂತ ಆಟೋದವನೂ ತಿರುಗಿ ನೋಡಿದ.

"ಸೈಕ್ಲಿಕ್ ನ್ಯೂಟ್ರೊಪೀನಿಯಾ! ಅಂದ್ರೆ ಬಿಳಿ ರಕ್ತಕಣ ಇಪ್ಪತ್ತೊಂದು ದಿನಕ್ಕೊಮ್ಮೆ ಕಡಿಮೆ ಆಗೋ ಕಾಯಿಲೆ! ಕ್ಯಾನ್ಸರ್ ಅಲ್ಲ! ಆ ದಿನಗಳಲ್ಲಿ ಜ್ವರ, ಬಾಯಿಹುಣ್ಣು ಬರುತ್ತೆ. ಇವನು ಹೇಳಿದ್ದು ನಿಜ ಇದೆಯಪ್ಪಾ!"

ಯಾರೂ ನಗಲಿಲ್ಲ. ಎದುರಿನವನ ತಟ್ಟೆಗೆ ಪಲ್ಯ ಹಾರಿಸಿದವನು ತಲೆ ತಗ್ಗಿಸಿ ಚಟ್ನಿ ಕಲಸುತ್ತಿದ್ದ. ಬಸವಕಿರಣ್ ಕಾವಲಿಯ ಹಿಂದಿನಿಂದ ದೋಸೆ ಮಗುಚುವ ಸಟ್ಟುಗವನ್ನು ನನ್ನ ಕಡೆ ಚಾಚಿದ. ಅವನ ಬೆರಳಿಗೆಲ್ಲ ಸುಟ್ಟ ಗುಳ್ಳೆ. ಆ ಕೆಲಸದಿಂದ ಬಿಡುಗಡೆಯಾದರೆ ಸಾಕಾಗಿತ್ತು ಅವನಿಗೆ. ನಾನು ತೆಗೆದುಕೊಂಡೆ. ಕೈಗೆ ಹಳೆಯ ತೂಕ ಬಂತು.

ಶಿವಯೋಗಪ್ಪ ಗಲ್ಲಾದಿಂದ ಎದ್ದು ಬಂದ. ಆಣೆಯ ಮನುಷ್ಯ. ಹೆಗಲ ಟವೆಲ್ಲನ್ನು ಸೊಂಟಕ್ಕೆ ಸುತ್ತಿ, ಎಲ್ಲರೆದುರು ಬಗ್ಗಿದ. ಅವನ ಬೋಳು ತಲೆ ನನ್ನ ಎದೆ ದಾಟಿ ಕೆಳಗಿಳಿಯಿತು. ಕೈ ನನ್ನ ಮೊಣಕಾಲಿನ ತನಕ ಬಂದಿತ್ತು.

"ಇನ್ನೊಂದು ಸಾಲು ಇದೆ!" ಎಂದು ಮೇಷ್ಟ್ರು ಕೂಗಿದರು. "ಇದು ವಂಶದಿಂದ ಬಂದ ಕಾಯಿಲೆ! ಹೆತ್ತವರಲ್ಲಿ ಒಬ್ಬರಿಂದ ಬಂದದ್ದು!"

ಕೈ ಅಲ್ಲೇ ನಿಂತಿತು. ಶಿವಯೋಗಪ್ಪ ಬಗ್ಗಿದಲ್ಲಿಂದಲೇ ಕತ್ತು ಎತ್ತಿ ನೋಡಿದ, ಆಮೇಲೆ ಪೂರ್ತಿ ನೆಟ್ಟಗಾದ.

"ಹೆತ್ತೋರಿಂದ? ಯಾರಿಂದಲೇ? ನಿಮ್ಮಪ್ಪನ ಜೋಡಿ ನಾನು ಒಂದೇ ಗರಡ್ಯಾಗೆ ಕುಸ್ತಿ ಹಿಡಿದೀನಿ. ಹಸೀಮೆಣಸಿನಕಾಯಿ ಕಡ್ಲೆ ತಿಂದಂಗೆ ತಿಂತಿದ್ದ. ಅವನ ಬಾಯಾಗೆ ಒಂದಿನ ಹುಣ್ಣು ಕಂಡಿಲ್ಲ. ಇನ್ನು ನಿಮ್ಮವ್ವ…" ಅವನು ಕಣ್ಣಿಗೆ ಕೈ ಒತ್ತಿಕೊಂಡ. "ಆಯಮ್ಮ ದೇವ್ರು. ಆಕಿಗೆ ರೋಗ ಐತೆ ಅಂದ್ರೆ ನಾಲಿಗೆ ಬಿದ್ದೋಗ್ತದೆ. ಹಂಗಾದ್ರೆ ಯಾರಿಂದ ಬಂತು, ಹೇಳು. ಹೇಳಿದ್ರೆ ಕಾವಲಿ ನಿಂದು. ಇಲ್ಲಾಂದ್ರೆ ಈ ಪೇಪರೂ ಸುಳ್ಳು, ನೀನೂ ಸುಳ್ಳ."

ಎಂಟು ಟೇಬಲ್ಲೂ ನನ್ನ ಬಾಯಿ ನೋಡುತ್ತಿದ್ದವು. ಅವನ ಹಿಂದೆ ಗೋಡೆಯಲ್ಲಿ ಅದೇ ಕ್ಯಾಲೆಂಡರ್. ನನ್ನ ಕೆಂಪು ಗೀಟುಗಳು, ಅವ್ವನ ಅರಿಶಿನದ ಬೊಟ್ಟುಗಳು. ಒಂದೇ ಹಾಳೆಯ ಮೇಲೆ ಇಷ್ಟು ದಿನ ಅಕ್ಕಪಕ್ಕ ಕೂತಿದ್ದವು. ಎಣಿಸಿದರೆ ಯಾರಿಗಾದರೂ ತಿಳಿಯುತ್ತಿತ್ತು. ನಾಳೆಯ ಸೋಮವಾರದ ಮೇಲೆ ಹೊಸ ಬೊಟ್ಟು ಇನ್ನೂ ಹಸಿಯಾಗಿತ್ತು. ಅದರ ಪಕ್ಕದ ಮೊಳೆಗೆ ಎರಡು ತೆಂಗಿನಕಾಯಿಯ ಚೀಲ ತೂಗಿತ್ತು.

ನಾಲಿಗೆಯ ತುದಿಗೆ ಬಂದದ್ದು ಎರಡೇ ಅಕ್ಷರ. ಅಂದರೆ ಸಾಕು, ಮೂರು ತಿಂಗಳ ಈರುಳ್ಳಿ, ಮೊಬೈಲ್ ಟಾರ್ಚು, ಜಾಮಿಟ್ರಿ ಬಾಕ್ಸು, ಎಲ್ಲದಕ್ಕೂ ಒಂದೇ ಏಟಿಗೆ ಉತ್ತರ.

ಕಾವಲಿಯ ಮೇಲೆ ದೋಸೆ ಸೀಯುವ ವಾಸನೆ ಬಂತು. ಎರಡು ಹೆಜ್ಜೆ ಹೋಗಿ, ಅಂಚು ಎತ್ತಿ, ಮಗುಚಿ ಹಾಕಿದೆ. ಕೂದಲೆಳೆಯಷ್ಟರಲ್ಲಿ ಉಳಿಯಿತು. ಸಟ್ಟುಗವನ್ನು ಬಸವಕಿರಣನ ಗುಳ್ಳೆಬೆರಳಿಗೆ ವಾಪಸ್ಸು ಕೊಟ್ಟೆ. ಮೇಷ್ಟ್ರ ಕೈಯಿಂದ ಕಾಗದ ತೆಗೆದು, ನಾಲ್ಕು ಮಡಿಕೆ ಮಾಡಿ, ಜೇಬಿಗೆ ಇಟ್ಟು ಬಾಗಿಲ ಕಡೆ ತಿರುಗಿದೆ.

"ಏ ಮಾಲತೇಶ, ನಿಂದ್ರು! ಯಾರಿಂದ ಬಂತು ಅಂತ ಹೇಳಿ ಹೋಗಲೇ!" ಎಂದು ಶಿವಯೋಗಪ್ಪ ಹಿಂದಿನಿಂದ ಕೂಗಿದ. "ಯಾಕ, ಮಾತಾಡಾಕೂ ಆಗ್ದಂಗೆ ಬಾಯಾಗೆ ಹುಣ್ಣಾಗೈತೇನೋ?"

ಎಂಟೂ ಟೇಬಲ್ಲು ನಕ್ಕವು.

ಅವತ್ತು ನನ್ನ ಬಾಯಲ್ಲಿ ಒಂದೇ ಒಂದು ಹುಣ್ಣೂ ಇರಲಿಲ್ಲ. ಮೆಟ್ಟಿಲು ಇಳಿದು, ಹರಿಹರದ ಬಸ್ಸಿನ ಕಡೆಗೆ ನಡೆದೆ.